ಎರಡು ಬೆರಳಗಲದ ಜಾಗ

(ಬಾನುಲಿ ಭಾಷಣ)

ಒಂದು ಸಣ್ಣ ವಿನಂತಿಯೊಂದಿಗೆ ನನ್ನ ಮಾತನ್ನು ಆರಂಭಿಸುತ್ತೇನೆ. ಈಗ ಕುರ್ಚಿಯ ಮೇಲೋ ಜಗಲಿಯ ಮೇಲೋ ಕುಳಿತಿರುವವರು ದಯವಿಟ್ಟು ನಿಮ್ಮ ಬಲಗಾಲಿನ ಮಂಡಿಯ ಹೊರಬದಿಯನ್ನು ಕೈಯಿಂದ ಮುಟ್ಟಿನೋಡಿ. ಮಂಡಿಚಿಪ್ಪಿಗಿಂತ ಸ್ವಲ್ಪ ಕೆಳಗೆ, ಪಕ್ಕಕ್ಕೆ, ಗೋಲಿಯಂಥ ಒಂದು ಮೂಳೆಯ ಗಂಟು ಕೈಗೆ ಸಿಗುತ್ತದೆ. ಅದರ ಹಿಂಬದಿಯಿಂದ ಕೆಳಕ್ಕೆ ಬೆರಳನ್ನು ಮೆಲ್ಲನೆ ಹೊರಳಿಸಿದರೆ ದಾರದಂಥ ಏನೋ ಒಂದು ಬೆರಳಿನಡಿಯಲ್ಲಿ ಜಾರಿದಂತಾಗುತ್ತದೆ. ಕೆಲವರಿಗೆ ಪಾದದವರೆಗೂ ಜುಮ್ಮೆಂದೀತು. ಸಾಕು, ಇನ್ನು ಒತ್ತಬೇಡಿ. ಆ ದಾರವೇ ನಮ್ಮ ಪಾದವನ್ನು ಮೇಲಕ್ಕೆತ್ತುವ ನರ. ಮೈಯ ಇತರ ಅನೇಕ ನರಗಳು ಮಾಂಸದ ಮರೆಯಲ್ಲಿ ಸುರಕ್ಷಿತವಾಗಿ ಸಾಗಿದರೆ, ಇದೊಂದು ಈ ಎರಡು ಬೆರಳಗಲದ ಜಾಗದಲ್ಲಿ ಮೂಳೆಯನ್ನು ಬಳಸಿಕೊಂಡು, ಮೇಲೆ ಚರ್ಮವೊಂದನ್ನೇ ಹೊದ್ದು ಹಾದುಹೋಗುತ್ತದೆ. ಈ ಜಾಗದ ಪರಿಚಯ ನನಗಾದದ್ದು ಪುಸ್ತಕದಿಂದಲ್ಲ, ನನ್ನ ಅಕ್ಕನ ಕಾಲಿನಿಂದ.

ನಮ್ಮೂರು ದಿಬ್ಬೂರಹಳ್ಳಿ. ಶಿಡ್ಲಘಟ್ಟ ತಾಲ್ಲೂಕಿಗೆ ಸೇರಿದ್ದು. ನಾನು ಹೇಳುತ್ತಿರುವ 1984ರಲ್ಲಿ ಅದು ಕೋಲಾರ ಜಿಲ್ಲೆಯೊಳಗಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮೇಲೆ ಅದರ ಪಾಲಿಗೆ ಬಂತು. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಕೆರೆ ತುಂಬಿದ ವರ್ಷ ನಗು, ಬತ್ತಿದ ವರ್ಷ ಮೌನ. ಬಹುಪಾಲು ಮನೆಗಳಲ್ಲಿ ಆಡುವ ಮಾತು ತೆಲುಗು, ಬರೆಯುವ ಅಕ್ಷರ ಕನ್ನಡ. ರಾಗಿ, ಅವರೆ, ಕಡಲೆಕಾಯಿಗಳ ಜೊತೆಗೆ ನಮ್ಮನ್ನು ಬದುಕಿಸಿದ್ದು ಹಿಪ್ಪುನೇರಳೆಯ ಸೊಪ್ಪು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೆಸರನ್ನು ಕೇಳದವರು ರೇಷ್ಮೆಯ ವ್ಯವಹಾರದಲ್ಲಿ ಇರಲಾರರು. ಆದರೆ ಮಾರುಕಟ್ಟೆಯಲ್ಲಿ ಕೈಬದಲಾಗುವ ಬಿಳಿಯ ಗೂಡಿನ ಹಿಂದೆ ಎಷ್ಟು ಹೆಂಗಸರ ಎಷ್ಟು ರಾತ್ರಿಗಳಿವೆ ಎಂಬುದನ್ನು ಹರಾಜಿನ ಚೀಟಿ ಹೇಳುವುದಿಲ್ಲ.

ಹುಳು ಸಾಕಿದವರಿಗೆ ಗೊತ್ತು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಾವು ಅದನ್ನು ಜ್ವರವೆನ್ನುತ್ತೇವೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಹಗಲಿರುಳೆಂಬುದಿಲ್ಲ. ಆಮೇಲೆ ಒಂದು ದಿನ ಮೇವು ಬಿಟ್ಟು ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ತಡಮಾಡದೆ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ತಟ್ಟೆಯಲ್ಲೇ ವ್ಯರ್ಥ. ಆ ವರ್ಷದ ಮಳೆಗಾಲದ ಬೆಳೆಯಲ್ಲಿ ಅಕ್ಕನ ಮನೆಯ ಹುಳುಗಳೆಲ್ಲ ಒಟ್ಟಿಗೇ ಹಣ್ಣಾದವು. ಆಳುಗಳು ಸಿಗಲಿಲ್ಲ. ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳ ಮದುವೆಗೆಂದು ಮಾಡಿದ ಸಾಲ ಆ ಬೆಳೆಯ ಮೇಲೆ ನಿಂತಿತ್ತು. ಅಕ್ಕ ಸಂಜೆ ಕುಕ್ಕರುಗಾಲಿನಲ್ಲಿ ಕುಳಿತವಳು ಮಾರನೆಯ ದಿನ ಮಧ್ಯಾಹ್ನದವರೆಗೆ ಹುಳು ಆರಿಸಿದಳು. ನಡುನಡುವೆ ಎದ್ದದ್ದು ಎರಡೋ ಮೂರೋ ಸಲ. ಅದಕ್ಕೆ ಒಂದು ತಿಂಗಳ ಮೊದಲು ವಿಷಮಶೀತಜ್ವರದಿಂದ ಮಲಗಿ ಎದ್ದಿದ್ದಳು, ಮೈ ಕಡ್ಡಿಯಾಗಿತ್ತು. ಈ ಎರಡು ಸಂಗತಿಗಳೂ ಮುಂದೆ ವೈದ್ಯರ ಬಾಯಲ್ಲಿ ಮುಖ್ಯವಾದವು. ಆಗ ನಮಗೆ ಅವು ಬದುಕಿನ ಮಾಮೂಲು ಸಂಗತಿಗಳಷ್ಟೆ.

ಕೆಲಸ ಮುಗಿಸಿ ಏಳಹೊರಟಾಗ ಎಡಗಾಲು ಜೋಮು ಹಿಡಿದಿತ್ತು. ಜೋಮು ಯಾರಿಗೆ ಹಿಡಿಯುವುದಿಲ್ಲ? ಕೊಡವಿಕೊಂಡು ನಡೆದಳು. ಸಂಜೆಯ ವೇಳೆಗೆ ಜೋಮು ಇಳಿಯಿತು, ಆದರೆ ಪಾದ ಏಳಲಿಲ್ಲ. ಹಿಮ್ಮಡಿಯನ್ನು ನೆಲಕ್ಕೂರಿ ಬೆರಳುಗಳನ್ನು ಮೇಲೆತ್ತಲು ಹೋದರೆ ಪಾದ ತನ್ನದಲ್ಲವೆಂಬಂತೆ ಬಿದ್ದಿತ್ತು. ನಡೆಯುವಾಗ ಬೆರಳು ನೆಲಕ್ಕೆ ತಾಗದಿರಲೆಂದು ಮಂಡಿಯನ್ನು ಮೆಟ್ಟಿಲು ಹತ್ತುವವರಂತೆ ಎತ್ತಿ ಹಾಕಬೇಕು. ಪಾದ ಚಪ್ಪೆಂದು ನೆಲಕ್ಕೆ ಬಡಿಯುತ್ತದೆ. ಚಪ್ಪಲಿ ಕಾಲಲ್ಲಿ ನಿಲ್ಲುವುದಿಲ್ಲ. ವೈದ್ಯರು ಇದನ್ನು ‘ಫುಟ್ ಡ್ರಾಪ್’ ಎನ್ನುತ್ತಾರೆ. ನಾವು ಜೋಲುಪಾದವೆನ್ನೋಣ.

ಊರಿನಲ್ಲಿ ಮಾತ್ರ ಅದಕ್ಕೆ ಬೇರೆ ಹೆಸರು ಹುಟ್ಟಿತು. ಪಾದದ ಮೇಲ್ಭಾಗದಲ್ಲಿ ಸ್ಪರ್ಶ ಮಂಕಾಗಿದೆಯೆಂದು ಅಕ್ಕ ಯಾರೊಡನೆಯೋ ಬಾಯಿಬಿಟ್ಟಿದ್ದೇ ತಪ್ಪಾಯಿತು. ಸ್ಪರ್ಶವಿಲ್ಲ, ಪಾದ ಬಿದ್ದಿದೆ, ಇನ್ನೇನು ಬೇಕು? ‘ದೊಡ್ಡ ರೋಗ’ ಎಂಬ ಪಿಸುಮಾತು ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ನಡೆಯಿತು. ಕುಷ್ಠವೆಂಬ ಮಾತನ್ನು ಯಾರೂ ಉಚ್ಚರಿಸಲಿಲ್ಲ, ಎಲ್ಲರೂ ಕೇಳಿಸಿಕೊಂಡರು. ಗೂಡು ಬಿಡಿಸಲು ಬರುತ್ತಿದ್ದ ಹೆಂಗಸರು ಬರಲಿಲ್ಲ. ಗೊತ್ತಾಗಿದ್ದ ಸಂಬಂಧದವರು ಲಗ್ನದ ದಿನವನ್ನು ಮುಂದಕ್ಕೆ ಹಾಕೋಣವೆಂದು ಹೇಳಿಕಳುಹಿಸಿದರು. ನಾನು ಆಗ ಬೇರೆ ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತ. ಸುದ್ದಿ ನನಗೆ ತಲುಪಿದಾಗ ಹದಿನೈದು ದಿನ ಕಳೆದಿತ್ತು. ನಾನು ಹೋದಾಗ ಅಕ್ಕ ಹಿತ್ತಲ ಬಾಗಿಲಿನಲ್ಲಿ ಕುಳಿತಿದ್ದಳು. “ನೀನು ಒಳಗೆ ಬರಬೇಡ ತಮ್ಮಾ, ನಿನಗೂ ಮಕ್ಕಳಿದ್ದಾರೆ” ಎಂದಳು. ಅವಳು ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆ ಮಾತನ್ನು ಕೇಳಿ ಹೊಸ್ತಿಲ ಈಚೆಗೆ ಒಂದು ಕ್ಷಣ ನಾನು ನಿಂತುಬಿಟ್ಟೆ. ಒಂದೇ ಕ್ಷಣ, ಆದರೆ ನಿಂತದ್ದು ನಿಜ. ಅವಳು ಅದನ್ನು ಕಂಡಳೆಂಬುದೂ ನಿಜ.

ಕುಷ್ಠದ ವಿಚಾರವಾಗಿ ಎರಡು ಮಾತು ಇಲ್ಲಿ ಹೇಳಬೇಕು. ಆ ರೋಗಕ್ಕೂ ನಾನು ನಿಮಗೆ ಮುಟ್ಟಿನೋಡಲು ಹೇಳಿದ ಜಾಗಕ್ಕೂ ಸಂಬಂಧವಿರುವುದು ಸುಳ್ಳಲ್ಲ. ರೋಗಾಣು ಮೈಯ ತಂಪಾದ, ಚರ್ಮಕ್ಕೆ ಸಮೀಪವಾದ ನರಗಳನ್ನು ಹಿಡಿಯುತ್ತದೆ. ಮಂಡಿಯ ಪಕ್ಕದ ಈ ನರವೂ ಅವುಗಳಲ್ಲೊಂದು. ನರ ಹಗ್ಗದಂತೆ ದಪ್ಪವಾಗಿ, ಪಾದ ಜೋಲಬಹುದು. ಅಂಥ ಪಾದಗಳಿಗೆ ಬೇರೆ ಸ್ನಾಯುವಿನ ಕಂಡರವನ್ನು ತಿರುಗಿಸಿ ಜೋಡಿಸಿ ಎತ್ತಿ ನಿಲ್ಲಿಸುವ ಶಸ್ತ್ರಚಿಕಿತ್ಸೆ ನಮ್ಮ ನೆರೆಯ ವೆಲ್ಲೂರಿನಲ್ಲಿ ನಡೆಯಿತು. 1946ರಲ್ಲಿ ಅಲ್ಲಿಗೆ ಬಂದ ಪಾಲ್ ಬ್ರಾಂಡ್ ಎಂಬ ವೈದ್ಯರು ಈ ಬಗೆಯ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಾದರು. 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ಕುಷ್ಠ ಪೂರ್ತಿ ವಾಸಿಯಾಗುವ ರೋಗವಾಯಿತು. ಔಷಧ ಬಂದಿತ್ತು, ಭಯಕ್ಕೆ ಔಷಧ ನಮ್ಮೂರಿಗೆ ಇನ್ನೂ ಬಂದಿರಲಿಲ್ಲ.

ಅಕ್ಕನನ್ನು ನಾನು ಮೊದಲು ಕರೆದೊಯ್ದದ್ದು ಸಮೀಪದ ಪಟ್ಟಣವೊಂದಕ್ಕೆ. ಊರಿನ ಹೆಸರು, ಚಿಕಿತ್ಸೆ ಕೊಟ್ಟವರ ಹೆಸರು ಬೇಡ. ಅಲ್ಲಿ ‘ಕರೆಂಟು ಕೊಡುವ’ ಯಂತ್ರವಿತ್ತು. ಅಕ್ಕ ಹೆದರಿದಳು. ಪಂಪುಸೆಟ್ಟಿನ ತಂತಿ ತಗುಲಿ ಸತ್ತವರನ್ನು ಕಂಡ ಕಣ್ಣು ಅವಳದು. ಅವರು ಎರಡು ಲೋಹದ ತಟ್ಟೆಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಅವಳ ಮೀನಖಂಡಕ್ಕೆ, ಅಂದರೆ ಕಾಲಿನ ಹಿಂಬದಿಯ ದಪ್ಪ ಮಾಂಸಕ್ಕೆ ಕಟ್ಟಿ ಗುಂಡಿ ತಿರುಗಿಸಿದರು. ಮಾಂಸ ಉಂಡೆಕಟ್ಟಿ ಕುಣಿಯಿತು. “ನೋಡಿ, ಜೀವ ಬರುತ್ತಿದೆ” ಎಂದರು. ನಾವಿಬ್ಬರೂ ನಂಬಿದೆವು. ದಿನ ಬಿಟ್ಟು ದಿನದಂತೆ ಮೂರು ವಾರ ಬಸ್ಸು ಹತ್ತಿ ಇಳಿದೆವು. ಪ್ರತಿಸಲವೂ ಕರೆಂಟು ಹರಿದಾಗ ಪಾದ ಕೆಳಕ್ಕೇ ಚಾಚಿಕೊಳ್ಳುತ್ತಿತ್ತು. ಮೀನಖಂಡದ ಕೆಲಸವೇ ಪಾದವನ್ನು ಕೆಳಕ್ಕೆ ಒತ್ತುವುದು. ಏಳಬೇಕಾದ ಪಾದವನ್ನು ನಾವು ಹಣ ಕೊಟ್ಟು ಇಳಿಸುತ್ತಿದ್ದೆವು. ಸಂಧಿ ಸಮಾಸಗಳನ್ನು ಬಿಡಿಸಿ ತೋರಿಸುತ್ತಿದ್ದ ನನ್ನ ಕಣ್ಣಿಗೆ ಇಷ್ಟು ಕಾಣಲಿಲ್ಲವಲ್ಲ ಎಂಬ ನಾಚಿಕೆ ಈಗಲೂ ನನಗಿದೆ.

ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ನರರೋಗದ ವೈದ್ಯರು ಅಕ್ಕನನ್ನು ಮಂಚದ ಮೇಲೆ ಕೂರಿಸಿ, ಮೊದಲು ಕಾಲನ್ನಲ್ಲ, ಅವಳ ಕೆಲಸವನ್ನು ಕೇಳಿದರು. ಹುಳು, ಚಂದ್ರಿಕೆ, ಕುಕ್ಕರುಗಾಲು, ಜ್ವರದಿಂದ ಇಳಿದ ಮೈ ಎಲ್ಲವನ್ನೂ ಕೇಳಿಕೊಂಡರು. ಆಮೇಲೆ ಮೊಳಕೈಯ ನರ, ಮಂಡಿಯ ನರ, ಹರಡಿನ ಒಳಬದಿಯ ನರಗಳನ್ನು ಬೆರಳಿನಿಂದ ತಡವಿದರು. ಹತ್ತಿಯ ಎಳೆಯಿಂದ ಮೈಯೆಲ್ಲ ಮುಟ್ಟಿ, “ಗೊತ್ತಾಗುತ್ತದೆಯೇ ಅಮ್ಮಾ?” ಎಂದು ಕೇಳಿದರು. ಸ್ಪರ್ಶ ಮಂಕಾಗಿದ್ದುದು ಎಡಗಾಲಿನ ಹೊರಬದಿಯ ಕೆಳಭಾಗ ಮತ್ತು ಪಾದದ ಮೇಲ್ಭಾಗ, ಅಷ್ಟೆ. ಎಲ್ಲೂ ಮಚ್ಚೆಯಿಲ್ಲ, ಯಾವ ನರವೂ ದಪ್ಪವಾಗಿಲ್ಲ. “ನಿಮಗೆ ಆ ರೋಗವಿಲ್ಲ. ಕುಳಿತು ಕುಳಿತು ನರ ಒತ್ತಿಹೋಗಿದೆ” ಎಂದರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಒಂದು ತಿಂಗಳಿನಿಂದ ಹಿಡಿದಿಟ್ಟಿದ್ದ ಅಳು ಅದು.

ಮಂಡಿಯನ್ನು ಪೂರ್ತಿ ಮಡಚಿ ಕುಳಿತಾಗ ಆ ನರ ಮೂಳೆಗೂ ಬಿಗಿದ ಸ್ನಾಯುಗಳಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಹೊತ್ತಾದರೆ ಜೋಮು. ಬಹಳ ಹೊತ್ತಾದರೆ ಪೆಟ್ಟು. ಮೈಯಲ್ಲಿ ಕೊಬ್ಬು ಇದ್ದವರಿಗೆ ಅದೇ ಮೆತ್ತೆ. ಕಾಯಿಲೆಯಿಂದ ಸೊರಗಿದವರಿಗೆ ಆ ಮೆತ್ತೆಯೂ ಇಲ್ಲ. ಹೊಲಗಳಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕೊಯ್ಲು ಮಾಡುವ, ಹಣ್ಣು ಬಿಡಿಸುವ ಆಳುಗಳಲ್ಲಿ ಈ ತೊಂದರೆಯನ್ನು ವೈದ್ಯರು ಬೇರೆ ಬೇರೆ ದೇಶಗಳಲ್ಲಿ ಗುರುತಿಸಿದ್ದಾರೆ. ಕಾಲಿನ ಮೇಲೆ ಕಾಲು ಹಾಕಿ ಕುಳಿತುಕೊಳ್ಳುವ ಅಭ್ಯಾಸದವರಿಗೂ, ಮಂಡಿಯ ಕೆಳಗೆ ಬಿಗಿಯಾದ ಸಿಮೆಂಟುಕಟ್ಟು ಹಾಕಿಸಿಕೊಂಡವರಿಗೂ ಹೀಗಾಗುವುದುಂಟು.

ಅಲ್ಲಿಂದ ನಮ್ಮನ್ನು ಭೌತಚಿಕಿತ್ಸೆಯ ವಿಭಾಗಕ್ಕೆ ಕಳುಹಿಸಿದರು. ಅಲ್ಲಿದ್ದವರು ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು. ಮತ್ತೆ ಅದೇ ಬಗೆಯ ಯಂತ್ರ, ಅದೇ ಒದ್ದೆಬಟ್ಟೆ. ಅಕ್ಕನ ಮುಖ ಕಳೆಗುಂದಿತು. “ಅಯ್ಯಾ, ಇದು ಆಯಿತು ಸ್ವಾಮಿ, ಮೂರು ವಾರ ಕೊಟ್ಟರು” ಎಂದಳು. ಎಲ್ಲಿ ಕೊಟ್ಟರು ಎಂದು ಅವರು ಕೇಳಿದರು. ಅವಳು ಮೀನಖಂಡ ತೋರಿಸಿದಳು. ಅವರು ಯಾರನ್ನೂ ಬೈಯಲಿಲ್ಲ. ನನ್ನ ಕಡೆ ತಿರುಗಿ, “ಮೇಷ್ಟ್ರೇ, ಕರೆಂಟಿಗೆ ಬುದ್ಧಿಯಿಲ್ಲ. ಎಲ್ಲಿ ಇಟ್ಟರೆ ಅಲ್ಲಿನ ಕೆಲಸ ಮಾಡುತ್ತದೆ. ಬುದ್ಧಿ ಇಡುವವನ ಬೆರಳಿನಲ್ಲಿರಬೇಕು” ಎಂದರು.

ಅವರು ಮೊದಲು ಅಕ್ಕನ ಕಾಲಿಗೆ ಹಚ್ಚಿದ್ದ ಹರಳೆಣ್ಣೆಯನ್ನು ಸೋಪಿನ ನೀರಿನಿಂದ ಒರೆಸಿ ತೆಗೆದರು. ಎಣ್ಣೆ ವಿದ್ಯುತ್ತಿಗೆ ಅಡ್ಡಗೋಡೆ. ಮಂಡಿಯ ಹಿಂದಿನ ಗುಳಿಯಲ್ಲಿ, ಅಂದರೆ ನರ ಒತ್ತಿಹೋದ ಜಾಗಕ್ಕಿಂತ ಮೇಲೆ, ಒಂದು ಸಣ್ಣ ವಿದ್ಯುದ್ವಾರವನ್ನಿಟ್ಟು ಚಿಕ್ಕ ಚಿಕ್ಕ ಹೊಡೆತ ಕೊಟ್ಟರು. ಪಾದ ಮೇಲೇಳಲಿಲ್ಲ. ಬಳಿಕ ಅದನ್ನು ತೆಗೆದು, ಹೊರಬದಿಯ ಮೂಳೆಗಂಟಿನಿಂದ ನಾಲ್ಕು ಬೆರಳಿನಷ್ಟು ಕೆಳಗೆ, ನಳಿಗೆಮೂಳೆಯ ಚೂಪಾದ ಅಂಚಿನಿಂದ ಎರಡು ಬೆರಳು ಹೊರಗೆ ಇಟ್ಟರು. ಇನ್ನೊಂದು ತಟ್ಟೆ ಅದೇ ಸ್ನಾಯುವಿನ ಮೇಲೆ ಇನ್ನೂ ಕೆಳಗೆ. ಗುಂಡಿ ಸ್ವಲ್ಪ ತಿರುಗಿತು. ಏನೂ ಆಗಲಿಲ್ಲ. ಇನ್ನೂ ಸ್ವಲ್ಪ. ಪಾದ ಅದುರಿತು. ವಿದ್ಯುದ್ವಾರವನ್ನು ಅರ್ಧ ಬೆರಳು ಪಕ್ಕಕ್ಕೆ ಸರಿಸಿದರು. ಅಕ್ಕನ ಪಾದ, ಐದು ವಾರದಿಂದ ಸತ್ತಂತೆ ಬಿದ್ದಿದ್ದ ಪಾದ, ನಿಧಾನವಾಗಿ, ನಮ್ಮ ಮೂವರ ಕಣ್ಣೆದುರಿಗೆ ಮೇಲಕ್ಕೆದ್ದಿತು.

ಅಕ್ಕ ಕೈಮುಗಿದಳು. ಯಂತ್ರಕ್ಕೋ, ಅವರಿಗೋ, ಪಾದಕ್ಕೋ ನನಗೆ ತಿಳಿಯಲಿಲ್ಲ.

ಹಿರಿಯರು ನನಗೆ ಹೇಳಿದ ಅರ್ಥ ಹೀಗಿತ್ತು: “ನಿಮ್ಮ ಸೀಮೆಯವರಿಗೆ ಕೆರೆ ಗೊತ್ತಲ್ಲ. ಮಿದುಳೆಂಬ ಕೆರೆಯಲ್ಲಿ ನೀರಿದೆ. ಪಾದವೆಂಬ ಗದ್ದೆಯೂ ಕೆಟ್ಟಿಲ್ಲ. ನಡುವಿನ ಕಾಲುವೆಯಲ್ಲಿ ಒಂದು ಕಡೆ ಮಣ್ಣು ಕುಸಿದಿದೆ. ಕುಸಿದ ಜಾಗದ ಕೆಳಗೆ ನಾನು ನೀರು ಬಿಟ್ಟುನೋಡಿದೆ, ಕಾಲುವೆ ಹರಿಯಿತು. ನರದ ಎಳೆಗಳೇ ಸತ್ತಿದ್ದರೆ ಇಷ್ಟು ದಿನಕ್ಕೆ ಕೆಳಗಿನ ಕಾಲುವೆಯೂ ಹಾಳಾಗಿರುತ್ತಿತ್ತು, ಈ ಚಿಕ್ಕ ಹೊಡೆತಕ್ಕೆ ಪಾದ ಏಳುತ್ತಿರಲಿಲ್ಲ. ಇದು ವಾಸಿಯಾಗುವ ಪೆಟ್ಟು.” ಈ ಮಾತಿನ ಹಿಂದಿನ ಶಾಸ್ತ್ರವನ್ನು ನಾನು ಆಮೇಲೆ ಓದಿ ತಿಳಿದೆ. ಕಡಿದುಹೋದ ನರದ ಕೆಳತುದಿ ಸುಮಾರು ಹತ್ತು ದಿನದೊಳಗೆ ತನ್ನ ಸ್ಪಂದನವನ್ನು ಕಳೆದುಕೊಳ್ಳುತ್ತದೆ. ಮತ್ತೆ ಬೆಳೆಯಬೇಕಾದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ತೆವಳಬೇಕು, ತಿಂಗಳುಗಟ್ಟಲೆಯ ದಾರಿ. ಬರಿಯ ಒತ್ತಡದಿಂದ ದಾರಿ ತಡೆದಿದ್ದರೆ ಕೆಲವು ವಾರಗಳಲ್ಲೋ ಎರಡು ಮೂರು ತಿಂಗಳಲ್ಲೋ ತಾನಾಗಿ ತೆರೆದುಕೊಳ್ಳುತ್ತದೆ. ಹೀಗೆ ವಿದ್ಯುದ್ವಾರವೆಂಬುದು ಚಿಕಿತ್ಸೆಗೆ ಮಾತ್ರವಲ್ಲ, ಪ್ರಶ್ನೆ ಕೇಳುವುದಕ್ಕೂ ಒಂದು ಸಾಧನ. ಎಲ್ಲಿ ಇಡುತ್ತೇವೆಯೋ ಅಲ್ಲಿನ ಉತ್ತರ ಬರುತ್ತದೆ.

ಕಾಲಿಗೂ ವಿದ್ಯುತ್ತಿಗೂ ಇರುವ ನಂಟು ಹಳೆಯದು. ಕ್ರಿಸ್ತಶಕ ಒಂದನೆಯ ಶತಮಾನದ ಮಧ್ಯದಲ್ಲಿ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ವಾತರಕ್ತದಿಂದ ಪಾದ ನೋಯುವವರು ಒದ್ದೆಯಾದ ಕಡಲದಂಡೆಯಲ್ಲಿ ಜೀವಂತ ವಿದ್ಯುನ್ಮೀನಿನ ಮೇಲೆ ಕಾಲಿಟ್ಟು, ಮಂಡಿಯವರೆಗೆ ಜೋಮು ಹಿಡಿಯುವ ತನಕ ನಿಲ್ಲಬೇಕೆಂದು ಬರೆದ. ವಿದ್ಯುತ್ತೆಂಬ ಹೆಸರೇ ಇಲ್ಲದ ಕಾಲದಲ್ಲಿ ಅದು ವಿದ್ಯುತ್ತಿನ ಚಿಕಿತ್ಸೆ. 1791ರಲ್ಲಿ ಇಟಲಿಯ ಬೊಲೋನ್ಯದ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಸೆಟೆದೇಳುವುದನ್ನು ಕುರಿತು ಪ್ರಕಟಿಸಿದ. ಅದು ಪ್ರಾಣಿಯೊಳಗಿನ ವಿದ್ಯುತ್ತೆಂದು ಅವನು, ಎರಡು ಲೋಹಗಳ ನಡುವಿನ ವಿದ್ಯುತ್ತೆಂದು ವೋಲ್ಟಾ. ಆ ವಾದದಿಂದ 1800ರಲ್ಲಿ ಜಗತ್ತಿಗೆ ಬ್ಯಾಟರಿ ಸಿಕ್ಕಿತು. ಇಬ್ಬರಲ್ಲೂ ಅರ್ಧರ್ಧ ಸತ್ಯವಿತ್ತು.

ಆದರೆ ಎಲ್ಲಿ ಇಡಬೇಕೆಂಬ ನಮ್ಮ ಪ್ರಶ್ನೆಯನ್ನು ಬಾಳಿನ ಕೆಲಸ ಮಾಡಿಕೊಂಡವನು ಫ್ರಾನ್ಸಿನ ದ್ಯುಶೆನ್. 1831ರಲ್ಲಿ ಫ್ಯಾರಡೆ ಕಂಡುಕೊಂಡ ಪ್ರೇರಿತ ವಿದ್ಯುತ್ತನ್ನು ಬಳಸಿ, ವಿದ್ಯುದ್ವಾರಗಳನ್ನು ಒದ್ದೆ ಮಾಡಿ ಚರ್ಮದ ಮೇಲಿಟ್ಟರೆ, ಚರ್ಮವನ್ನು ಚುಚ್ಚದೆಯೇ ಒಂದೊಂದು ಸ್ನಾಯುವನ್ನೂ ಬೇರೆ ಬೇರೆಯಾಗಿ ಕುಣಿಸಬಹುದೆಂದು ಅವನು ತೋರಿಸಿದ. 1855ರಲ್ಲಿ ಅವನ ಗ್ರಂಥ ಬಂತು. ಚರ್ಮದ ಮೇಲೆ ಕೆಲವು ನಿಶ್ಚಿತ ಬಿಂದುಗಳಿವೆ. ಅಲ್ಲಿ ಕಡಿಮೆ ವಿದ್ಯುತ್ತಿಗೇ ಸ್ನಾಯು ಓಗೊಡುತ್ತದೆ. ಆ ಬಿಂದುಗಳಲ್ಲಿ ನರ ಸ್ನಾಯುವಿನೊಳಕ್ಕೆ ಇಳಿಯುತ್ತದೆಂದು ಅವನ ನಂತರದವರು ಕಂಡುಕೊಂಡರು. ಅಕ್ಕನ ಕಾಲಿನ ಮೇಲೆ ಆ ಹಿರಿಯರು ಅರ್ಧ ಬೆರಳು ಸರಿಸಿ ಹುಡುಕಿದ್ದು ಅಂಥ ಒಂದು ಬಿಂದುವನ್ನೇ.

ನಮ್ಮ ಸೀಮೆಗೂ ವಿದ್ಯುತ್ತು ಅಪರಿಚಿತವಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದು ಬಂದದ್ದು ಕೋಲಾರದ ಚಿನ್ನದ ಗಣಿಗೆ. ನೆಲದಾಳದ ಯಂತ್ರ ತಿರುಗಿಸಲು ಬಂದ ಶಕ್ತಿ, ಅದೇ ಜಿಲ್ಲೆಯ ಹೆಂಗಸೊಬ್ಬಳ ಪಾದವೆತ್ತುವ ಹೊತ್ತಿಗೆ ಸಾವಿರಪಾಲು ಸಣ್ಣದಾಗಿತ್ತು. ಈ ಯಂತ್ರಗಳಲ್ಲಿ ಹರಿಯುವುದನ್ನು ಆಂಪಿಯರಿನ ಸಾವಿರದ ಭಾಗಗಳಲ್ಲಿ ಎಣಿಸುತ್ತಾರೆ. ಒಂದೊಂದು ಹೊಡೆತ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕಿಂತಲೂ ಕಡಿಮೆ ಹೊತ್ತು.

ಇನ್ನು, ಕೇಳುಗರಲ್ಲಿ ಮನೆಯಲ್ಲಿ ಇಂಥ ಕಾಲುಳ್ಳವರು ಇದ್ದಾರು. ಅವರಿಗೆ ಉಪಯೋಗವಾಗಲೆಂದು ಕೆಲವು ವಿಷಯಗಳನ್ನು ಬಿಡಿಸಿ ಹೇಳುತ್ತೇನೆ. ಮಂಡಿಯ ಪಕ್ಕದ ನರ ಮೂಳೆಗಂಟಿನ ಕೆಳಗೆ ಎರಡಾಗಿ ಕವಲೊಡೆಯುತ್ತದೆ. ಆಳದ ಕವಲು ನಳಿಗೆಮೂಳೆಯ ಪಕ್ಕದ ಮುಂಬದಿಯ ಸ್ನಾಯುವಿಗೆ ಹೋಗಿ ಪಾದವನ್ನೂ ಬೆರಳುಗಳನ್ನೂ ಎತ್ತುತ್ತದೆ. ಮೇಲಿನ ಕವಲು ಕಾಲಿನ ಹೊರಬದಿಯ ಸ್ನಾಯುಗಳಿಗೆ ಹೋಗಿ ಪಾದವನ್ನು ಹೊರಕ್ಕೆ ವಾಲಿಸುತ್ತದೆ. ಪಾದ ನೆಟ್ಟಗೆ ಏಳಬೇಕಾದರೆ ಎರಡೂ ಹದವಾಗಿ ಸೇರಬೇಕು. ಆದ್ದರಿಂದ ಸಾಮಾನ್ಯವಾಗಿ ಒಂದು ವಿದ್ಯುದ್ವಾರವನ್ನು ಮೂಳೆಗಂಟಿನ ಹಿಂದೆ-ಕೆಳಗೆ, ನರ ಬಳಸುವ ಜಾಗದಲ್ಲಿಯೂ, ಇನ್ನೊಂದನ್ನು ಅದಕ್ಕಿಂತ ಕೆಳಗೆ ಮುಂಬದಿಯ ಸ್ನಾಯುವಿನ ಉಬ್ಬಿನ ಮೇಲೂ ಇಡುತ್ತಾರೆ. ಪಾದ ಏಳುವಾಗ ಒಳಕ್ಕೆ ತಿರುಗಿದರೆ ವಿದ್ಯುದ್ವಾರವನ್ನು ಸ್ವಲ್ಪ ಹೊರಬದಿಗೆ, ಹಿಂದಕ್ಕೆ ಸರಿಸಬೇಕು. ಹೊರಕ್ಕೆ ಹೆಚ್ಚಾಗಿ ವಾಲಿದರೆ ಮುಂದಕ್ಕೆ, ನಳಿಗೆಮೂಳೆಯ ಕಡೆಗೆ ಸರಿಸಬೇಕು. ಪಾದ ಕೆಳಕ್ಕೆ ಚಾಚಿದರೆ, ವಿದ್ಯುತ್ತು ಮೀನಖಂಡಕ್ಕೆ ಹರಿಯುತ್ತಿದೆಯೆಂದೇ ಅರ್ಥ. ಅಂಗೈಯಗಲದೊಳಗೆ ನಡೆಯುವ ಸಂಗತಿಯಿದು. ಒಮ್ಮೆ ಸರಿಯಾದ ಜಾಗ ಸಿಕ್ಕಿದರೆ ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದುಕೊಳ್ಳುವುದು ಒಳ್ಳೆಯದು. ಹಿರಿಯರು ಅಕ್ಕನಿಗೆ ಹಾಗೆಯೇ ಮಾಡಿದರು. ಅವಳು ಆ ಗೆರೆ ಅಳಿಸದಿರಲೆಂದು ಎರಡು ದಿನ ಕಾಲಿಗೆ ನೀರು ಹಾಕಿಕೊಳ್ಳಲಿಲ್ಲ.

ಪಾರ್ಶ್ವವಾಯುವಿನಿಂದ ಪಾದ ಜೋಲಿದವರ ಕಥೆ ಬೇರೆ. ಅವರಲ್ಲಿ ಕಾಲುವೆಯೂ ಗದ್ದೆಯೂ ಚೆನ್ನಾಗಿರುತ್ತವೆ. ಕೆಟ್ಟಿರುವುದು ಕೆರೆಯ ತೂಬು. 1961ರಲ್ಲಿ ಅಮೆರಿಕದ ಲಿಬರ್‌ಸನ್ ಮತ್ತು ಅವರ ಸಂಗಡಿಗರು ಇವರಿಗಾಗಿ ಒಂದು ಸರಳವಾದ ಉಪಾಯ ಹೂಡಿದರು. ಪಾದರಕ್ಷೆಯ ಹಿಮ್ಮಡಿಯಲ್ಲಿ ಒಂದು ಸ್ವಿಚ್ಚು. ಹೆಜ್ಜೆಯಿಡಲೆಂದು ಹಿಮ್ಮಡಿ ಎದ್ದೊಡನೆ ಮಂಡಿಯ ಪಕ್ಕದ ನರಕ್ಕೆ ವಿದ್ಯುತ್ತು ಹರಿದು ಪಾದ ಏಳುತ್ತದೆ. ಹಿಮ್ಮಡಿ ನೆಲ ಮುಟ್ಟಿದೊಡನೆ ನಿಲ್ಲುತ್ತದೆ. ಈಗ ಅಂಥ ಸಾಧನಗಳು ಮಂಡಿಯ ಕೆಳಗೆ ಕಟ್ಟಿಕೊಳ್ಳುವ ಪಟ್ಟಿಯಷ್ಟಾಗಿವೆ. ಬೆಲೆ ಮಾತ್ರ ನಮ್ಮಂಥವರಿಗೆ ಇನ್ನೂ ದೂರ. ಪಾದವನ್ನು ಹಿಡಿದು ನಿಲ್ಲಿಸುವ ಸಾಧಾರಣ ಪ್ಲಾಸ್ಟಿಕ್ ಆಸರೆಯಿಂದಲೂ ಅನೇಕರು ಚೆನ್ನಾಗಿ ನಡೆಯುತ್ತಾರೆ.

ನರವೇ ಸತ್ತ ಸ್ನಾಯುವಿಗೆ ಚಿಕ್ಕ ಹೊಡೆತ ನಾಟುವುದಿಲ್ಲ. ಅದಕ್ಕೆ ನೂರು ಪಾಲು ದೀರ್ಘವಾದ ಹೊಡೆತ ಬೇಕು. ಅದರಿಂದ ಆಗುವ ಲಾಭವೆಷ್ಟೆಂಬ ವಿಷಯದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಪೋಲಿಯೋದಿಂದ ಕಾಲು ಸೊರಗಿದ ಎಷ್ಟೋ ಮಕ್ಕಳಿಗೆ ನಮ್ಮ ತಂದೆತಾಯಂದಿರು ವರ್ಷಗಟ್ಟಲೆ ಕರೆಂಟು ಕೊಡಿಸಿದರು. ಅಲ್ಲಿ ಸತ್ತಿದ್ದುದು ಬೆನ್ನುಹುರಿಯೊಳಗಿನ ನರಕೋಶ. ಕಾಲಿನ ಮೇಲಿನ ಯಾವ ವಿದ್ಯುದ್ವಾರಕ್ಕೂ ಅದು ಎಟುಕದು. ಎರಡು ಹನಿ ಲಸಿಕೆ ಮಾಡಿದ್ದನ್ನು ಯಾವ ಯಂತ್ರವೂ ಮಾಡಲಿಲ್ಲ. 2014ರ ಮಾರ್ಚಿಯಲ್ಲಿ ನಮ್ಮ ದೇಶ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಪಡೆಯಿತು.

ಹರಡು ನೋವು, ಹಿಮ್ಮಡಿ ನೋವುಗಳಿಗೆ ಕೊಡುವ ವಿದ್ಯುತ್ತಿನ ಉದ್ದೇಶ ಸ್ನಾಯುವನ್ನು ಎಬ್ಬಿಸುವುದಲ್ಲ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬಿಬ್ಬರು ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಸ್ಪರ್ಶದ ಸುದ್ದಿ ತುಂಬಿ ಬಂದರೆ ಆ ಬಾಗಿಲು ಅರೆಮುಚ್ಚುತ್ತದೆ ಎಂಬ ವಾದವನ್ನು ಮುಂದಿಟ್ಟರು. ಮಗು ಬಿದ್ದಾಗ ತಾಯಿ ಪೆಟ್ಟಾದ ಜಾಗವನ್ನು ಉಜ್ಜುವುದೂ ಇದೇ ತತ್ತ್ವ. ಹಾಗಾಗಿ ಈ ವಿದ್ಯುದ್ವಾರಗಳನ್ನು ನೋವಿನ ಎರಡು ಪಕ್ಕದಲ್ಲಿ, ಇಲ್ಲವೆ ಹರಡಿನ ಒಳಮೂಳೆಯ ಹಿಂದೆ ಪಾದದಡಿಗೆ ಸಾಗುವ ನರದ ಮೇಲೆ ಇಡುತ್ತಾರೆ. ನೋವು ಕೆಲಹೊತ್ತು ತಗ್ಗಬಹುದು. ನೋವಿನ ಕಾರಣ ಹೋಗುವುದಿಲ್ಲ.

ಈಗ ಅಂಟಿಸಿಕೊಳ್ಳುವ ಪ್ಯಾಡುಗಳುಳ್ಳ ಸಣ್ಣ ಯಂತ್ರಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಆದುದರಿಂದ ಎಚ್ಚರಿಕೆಯ ಮಾತೂ ಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅಲ್ಲಿ ವಿದ್ಯುತ್ತು ಸಲ್ಲದು. ಹುಣ್ಣಿನ ಮೇಲೆ, ಗಂತಿಯ ಮೇಲೆ ಸಲ್ಲದು. ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಸ್ಪರ್ಶ ಕಳೆದುಕೊಂಡ ಚರ್ಮಕ್ಕೆ ಸುಟ್ಟರೂ ಗೊತ್ತಾಗುವುದಿಲ್ಲ. ಅಲ್ಲಿ ಬಲು ಜಾಗರೂಕತೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪಾದ ಇದ್ದಕ್ಕಿದ್ದಂತೆ ಜೋಲಿದರೆ ಮೊದಲು ಹುಡುಕಬೇಕಾದದ್ದು ಯಂತ್ರವನ್ನಲ್ಲ, ಕಾರಣವನ್ನು. ಬೆನ್ನಿನಲ್ಲಿರಬಹುದು, ಮಿದುಳಿನಲ್ಲಿರಬಹುದು, ಮಂಡಿಯಲ್ಲಿರಬಹುದು. ಅದನ್ನು ಹೇಳಬೇಕಾದವರು ವೈದ್ಯರು.

ಅಕ್ಕನ ವಿಷಯಕ್ಕೆ ಮರಳುತ್ತೇನೆ. ಅವಳನ್ನು ವಾಸಿ ಮಾಡಿದ್ದು ವಿದ್ಯುತ್ತು ಎಂದು ನಾನು ಹೇಳಲಾರೆ. ಹಿರಿಯರೇ ಒಪ್ಪಲಿಲ್ಲ. “ನರ ತನ್ನ ಪಾಡಿಗೆ ತಾನು ಚೇತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಸ್ನಾಯು ಕೆಲಸ ಮರೆಯದಂತೆ, ಕೀಲು ಬಿಗಿಯದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲು” ಎಂದರು. ಕುಕ್ಕರುಗಾಲನ್ನು ಪೂರ್ತಿ ನಿಲ್ಲಿಸಿದರು. ರಾತ್ರಿ ಮಲಗುವಾಗ ಪಾದಕ್ಕೆ ಆಸರೆ ಕೊಟ್ಟರು. ಕರೆಂಟು ಹರಿದು ಪಾದ ಏಳುವಾಗ ಅವಳೂ ಮನಸ್ಸಿನಿಂದ ಎತ್ತಬೇಕೆಂದು ಕಲಿಸಿದರು. “ಏಳು, ಏಳು” ಎಂದು ಅವಳು ಪಾದಕ್ಕೆ ಹೇಳುತ್ತಿದ್ದಳು, ಬೆಳಗಿನ ಜಾವ ನನ್ನನ್ನು ಶಾಲೆಗೆ ಎಬ್ಬಿಸುತ್ತಿದ್ದ ದನಿಯಲ್ಲೇ. ಎರಡನೆಯ ತಿಂಗಳ ಕೊನೆಗೆ ಒಂದು ಮುಂಜಾನೆ, ಯಂತ್ರವಿಲ್ಲದೆ, ಹೆಬ್ಬೆರಳು ಮೊದಲು ಅಲುಗಿತು. ಸಂಕ್ರಾಂತಿಯ ಹೊತ್ತಿಗೆ ಚಪ್ಪಲಿ ಕಾಲಲ್ಲಿ ನಿಂತಿತು.

ಅವಳು ಊರಿಗೆ ಮರಳಿದ ದಿನ ನಾನು ಜೊತೆಯಲ್ಲಿದ್ದೆ. ಬಸ್ಸು ನಿಲ್ಲುವ ಜಾಗದಿಂದ ಮನೆಗೆ ಹಿತ್ತಲ ದಾರಿಯಿತ್ತು. ಅವಳು ಅದನ್ನು ಹಿಡಿಯಲಿಲ್ಲ. ಬಾವಿಕಟ್ಟೆಯ ಮುಂದಿನ ದಾರಿಯಲ್ಲಿ, ಒಂದೊಂದೇ ಹೆಜ್ಜೆಯನ್ನು ಹಿಮ್ಮಡಿಯೂರಿ, ಬೆರಳೆತ್ತಿ, ಎಲ್ಲರೂ ನೋಡುವಂತೆ ನಡೆದಳು. ಮಾತಾಡಿಸಿದವರನ್ನು ಮಾತಾಡಿಸಿದಳು. ಮದುವೆ ಆ ವರ್ಷವೇ ಆಯಿತು. ಹಿಂದೆ ಸರಿದಿದ್ದವರೊಡನೆ ಅಲ್ಲ, ಬೇರೆ ಮನೆಯವರೊಡನೆ. ಅದು ಅಕ್ಕನದೇ ತೀರ್ಮಾನ.

ಮುಂದಿನ ಬೆಳೆಯ ಹೊತ್ತಿಗೆ ಬಡಗಿಯಿಂದ ಒಂದು ಗೇಣೆತ್ತರದ ಮೂರು ಮಣೆಗಳನ್ನು ಮಾಡಿಸಿದಳು. ಒಂದು ತನಗೆ, ಎರಡು ಹುಳು ಆರಿಸಲು ಬರುವ ಹೆಂಗಸರಿಗೆ. ತಾಸಿಗೊಮ್ಮೆ ಎಲ್ಲರನ್ನೂ ಎಬ್ಬಿಸಿ ನಡುಮನೆಯಲ್ಲಿ ನಾಲ್ಕು ಹೆಜ್ಜೆ ನಡೆಸುತ್ತಿದ್ದಳು. ಮಣೆಗಳಿಗೆ ಖರ್ಚಾದದ್ದು ನಮ್ಮ ಮೂರು ವಾರದ ಬಸ್ಸಿನ ಖರ್ಚಿಗಿಂತ ಕಡಿಮೆ.

ಅಕ್ಕ ಈಗಿಲ್ಲ. ಆ ಮಣೆಗಳಲ್ಲೊಂದು ನನ್ನ ಮನೆಯಲ್ಲಿದೆ. ಅದರ ಮೇಲೆ ಕುಳಿತಾಗಲೆಲ್ಲ ನಾನು ಹೊಸ್ತಿಲ ಈಚೆಗೆ ನಿಂತ ಆ ಒಂದು ಕ್ಷಣ ನೆನಪಾಗುತ್ತದೆ. ಅವಳು ಅದರ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಕೇಳುಗರಲ್ಲಿ ಯಾರ ಮನೆಯಲ್ಲಾದರೂ ಹೀಗೆ ಪಾದ ಜೋಲಿದವರು ಹಿತ್ತಲ ಬಾಗಿಲಿನಲ್ಲಿ ಕುಳಿತಿದ್ದರೆ, ದಯವಿಟ್ಟು ಹೊಸ್ತಿಲಲ್ಲಿ ನಿಲ್ಲಬೇಡಿ. ಒಳಗೆ ಹೋಗಿ, ಅವರ ಕಾಲನ್ನು ಕೈಯಲ್ಲಿ ಹಿಡಿದು ನೋಡಿ, ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.